ಹಾಡಲು ಬಾರದವರ ಹಾಡುಕೂಟ

ನಮ್ಮ ಕೂಟಕ್ಕೆ ವೇದಿಕೆ ಇಲ್ಲ, ಪ್ರೇಕ್ಷಕರಿಲ್ಲ, ವಾರ್ಷಿಕೋತ್ಸವವೂ ಇಲ್ಲ. ವಾರಕ್ಕೊಂದು ಸಂಜೆ ಎರಡು ಗಂಟೆ ಹೊತ್ತು ಬಂದವರೆಲ್ಲ ಕೂಡಿ ಹಾಡುತ್ತೇವೆ, ಮುಗಿದ ಮೇಲೆ ಎದ್ದು ಹೋಗುತ್ತೇವೆ. ಬರುವವರಲ್ಲಿ ಮುಕ್ಕಾಲು ಪಾಲು ಜನ ಎಂದೂ ಸಂಗೀತ ಕಲಿತವರಲ್ಲ. "ನನ್ನ ದನಿ ಕೇಳಿದ್ರೆ ನೀವೇ ಎದ್ದು ಓಡ್ತೀರಿ" ಎಂದು ಮೊದಲ ದಿನ ಹೇಳದವರು ಕಡಿಮೆ. ಕೆಲವು ವರ್ಷಗಳಿಂದ ಇದನ್ನು ನಾನು ನಡೆಸಿಕೊಂಡು ಬಂದಿದ್ದೇನೆ. ನಡೆಸುವುದೆಂದರೆ ದೊಡ್ಡ ಸಂಗತಿಯೇನಲ್ಲ. ಶ್ರುತಿ ಹಿಡಿಯುವುದು, ಮೊದಲ ಸಾಲು ಎತ್ತಿಕೊಡುವುದು, ಹೇಳಿದ ಹೊತ್ತಿಗೆ ಶುರು ಮಾಡಿ ಹೇಳಿದ ಹೊತ್ತಿಗೆ ಮುಗಿಸುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಇಂಥದ್ದೊಂದನ್ನು ತಾವೂ ಶುರು ಮಾಡಬೇಕು ಎನ್ನುವವರು ನನ್ನ ಹತ್ತಿರ ಮೊದಲು ಕೇಳುವುದು ಹಾಡುಗಳ ಪಟ್ಟಿಯನ್ನು. ಪಟ್ಟಿ ಕೊಡುತ್ತೇನೆ, ಅದರಿಂದ ನಷ್ಟವಿಲ್ಲ. ಆದರೆ ಕೂಟ ನಿಲ್ಲುವುದು ಹಾಡುಗಳ ಮೇಲಲ್ಲ. ನಗುನಗುತ್ತಾ ಬರಮಾಡಿಕೊಂಡರೆ ಜನ ಮತ್ತೆ ಬರುತ್ತಾರೆ ಎಂದುಕೊಳ್ಳುವವರೂ ಇದ್ದಾರೆ. ಆ ನಗುವಿನ ಬಲ ಎರಡು ಮೂರು ವಾರಕ್ಕೆ ಸಾಕಾಗುತ್ತದೆ, ಅಷ್ಟೇ. ಆಮೇಲೂ ಒಬ್ಬರು ಬರುತ್ತಲೇ ಇರಬೇಕಾದರೆ, ತಾನು ಬಾರದಿದ್ದರೆ ಇಲ್ಲಿ ಏನೋ ಒಂದು ಕಮ್ಮಿಯಾಗುತ್ತದೆ ಎಂದು ಅವರಿಗೆ ಗೊತ್ತಿರಬೇಕು. ಸುಮ್ಮನೆ ಬಾಯಿಮಾತಿಗೆ ಹೇಳಿದರೆ ಆ ನಂಬಿಕೆ ಹುಟ್ಟುವುದಿಲ್ಲ. ನಿಜವಾಗಿಯೂ ಕಮ್ಮಿಯಾಗಬೇಕು. ನಾನು ಮಾಡಿಕೊಂಡ ಏರ್ಪಾಡುಗಳೆಲ್ಲ ಈ ಒಂದು ಲೆಕ್ಕದ ಸುತ್ತಲೇ ಬೆಳೆದವು.

ಜೀವಂತ ಕೂಟದ ಬೆಲೆ ನನಗೆ ಸರಿಯಾಗಿ ತಿಳಿದದ್ದು ಅದು ಕೈತಪ್ಪಿದಾಗ. 2020ರಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಮುಚ್ಚಿದಾಗ ನಾವೂ ಎಲ್ಲರಂತೆ ವಿಡಿಯೋ ಕರೆಗೆ ಹೋದೆವು. ಮುಖಗಳು ಕಂಡವು, ಮಾತು ನಡೆಯಿತು. ಹಾಡು ಮಾತ್ರ ಎರಡನೆಯ ಸಾಲಿಗೇ ಕುಸಿದುಬಿತ್ತು. ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಅದನ್ನು ಕೇಳಿ ಅವರು ತಡೆದು ಹಾಡುತ್ತಾರೆ, ಅವರ ತಡೆದ ದನಿ ಕೇಳಿ ಇವರು ಇನ್ನಷ್ಟು ತಡೆಯುತ್ತಾರೆ. ಹೀಗೆ ಒಬ್ಬರಿಗೊಬ್ಬರು ಕಾಯುತ್ತಾ ಕಾಯುತ್ತಾ ಹಾಡು ನಿಂತೇ ಹೋಗುತ್ತದೆ.

ದೂರವಾಣಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪಲು 150 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಭಾಗವೇ ಮಿಲಿಸೆಕೆಂಡ್) ಹಿಡಿದರೂ ಮಾತುಕತೆಗೆ ತೊಂದರೆಯಾಗದು. ನಾವು ಮಾತಾಡುವಾಗ ಸರದಿಯ ಮೇಲೆ ಮಾತಾಡುತ್ತೇವೆ, ಸಣ್ಣ ತಡ ಗಮನಕ್ಕೇ ಬರುವುದಿಲ್ಲ. ಕೂಡಿ ಹಾಡುವುದಕ್ಕೆ ಆ ಸಡಿಲ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಎಷ್ಟು ತಡವಾಗಿ ಕೇಳಬೇಕೆಂಬುದನ್ನು ಹೆಚ್ಚುಕಡಿಮೆ ಮಾಡುತ್ತಾ ಪರೀಕ್ಷಿಸಿದ್ದರು. ತಡ ಹೆಚ್ಚಾದಂತೆ ಜೋಡಿಯ ಲಯ ನಿಧಾನವಾಗುತ್ತದೆ, ಇದು ಊಹಿಸಬಹುದಾದದ್ದೇ. ಸ್ವಾರಸ್ಯ ಎಂದರೆ ತಡ ತೀರಾ ಕಡಿಮೆಯಾದರೂ ಲಯ ನಿಲ್ಲುವುದಿಲ್ಲ, ಓಡತೊಡಗುತ್ತದೆ. ಸುಮಾರು 11 ಮಿಲಿಸೆಕೆಂಡಿನ ಹತ್ತಿರ ಅದು ಸಮವಾಗಿರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 11 ಮಿಲಿಸೆಕೆಂಡಿಗೆ ಎಷ್ಟು ದೂರ ಎಂದು ಲೆಕ್ಕ ಹಾಕಿದರೆ ನಾಲ್ಕು ಮೀಟರಿಗೆ ಸ್ವಲ್ಪ ಕಮ್ಮಿ ಬರುತ್ತದೆ. ಹತ್ತು ಹನ್ನೆರಡು ಜನ ದುಂಡಗೆ ಕೂತಾಗ ಈ ತುದಿಯವರಿಗೂ ಎದುರಿನವರಿಗೂ ಇರುವ ಅಂತರ ಅಷ್ಟೇ! ಈ ಲೆಕ್ಕ ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಮನುಷ್ಯರ ಕಿವಿ ತನಗೆ ಬೇಕಾದ ವೃತ್ತವನ್ನು ತಾನೇ ಅಳೆದುಕೊಂಡಿದೆ.

ಆ ದಿನಗಳಲ್ಲಿ ನಾವು ಮಾಡಿದ್ದು ಇಷ್ಟು: ಒಬ್ಬರು ಹಾಡುವುದು, ಉಳಿದವರೆಲ್ಲ ತಮ್ಮ ತಮ್ಮ ಮೈಕ್ ಮುಚ್ಚಿಕೊಂಡು ಜೊತೆಗೆ ಹಾಡುವುದು. ಪ್ರತಿಯೊಬ್ಬರಿಗೂ ಕೇಳುತ್ತಿದ್ದುದು ಎರಡೇ ದನಿ, ಮುಂದಾಳಿನದು ಮತ್ತು ತನ್ನದು. ಏನೂ ಇಲ್ಲದ್ದಕ್ಕಿಂತ ಅದು ವಾಸಿ ಎಂದು ಕೆಲವರು ಹೇಳಿದರು, ನಾನೂ ಒಪ್ಪಿದೆ. ಆದರೆ ಅಲ್ಲಿ ಯಾರು ಬಂದರು, ಯಾರು ಬಿಟ್ಟರು ಎಂಬುದರಿಂದ ಹಾಡಿಗೆ ಏನೂ ಆಗುತ್ತಿರಲಿಲ್ಲ. ಒಬ್ಬ ಸದಸ್ಯರು ಕ್ಯಾಮೆರಾ ಆರಿಸಿ ಎದ್ದುಹೋಗಿ ಅರ್ಧ ಗಂಟೆಯಾದರೂ ಯಾರಿಗೂ ಗೊತ್ತಾಗಲಿಲ್ಲ. ಅಂದು ರಾತ್ರಿ ಅವರೇ ಫೋನು ಮಾಡಿ ಹೇಳಿದರು, ಸ್ವಲ್ಪ ಬೇಸರದಲ್ಲೇ.

ಇದಕ್ಕೂ ಬಹಳ ಮುಂಚೆ, 2010ರಲ್ಲಿ, ಅಮೆರಿಕದ ಸಂಯೋಜಕ ಎರಿಕ್ ವ್ಹಿಟೇಕರ್ 12 ದೇಶಗಳ 185 ಗಾಯಕರ ದನಿಗಳನ್ನು ಒಂದೇ ವಿಡಿಯೋದಲ್ಲಿ ಕೂಡಿಸಿದ್ದರು. ಒಬ್ಬೊಬ್ಬರೂ ತಮ್ಮ ಕೋಣೆಯಲ್ಲಿ ಒಂಟಿಯಾಗಿ ಹಾಡಿ ಕಳಿಸಿದ್ದನ್ನು ಆಮೇಲೆ ಜೋಡಿಸಿದ್ದು. ಕೇಳಲು ಬಲು ಚಂದ. ಕೊರೊನಾ ಕಾಲದಲ್ಲಿ ಅದೇ ದಾರಿ ಹಿಡಿಯೋಣ ಎಂದು ನಮ್ಮಲ್ಲೂ ಒಂದು ಸಲಹೆ ಬಂತು. ನಾನು ಬೇಡವೆಂದೆ. ಕೊನೆಗೆ ಕೈಗೆ ಸಿಗುವ ವಿಡಿಯೋ ನಮಗೆ ಎಂದೂ ಬೇಕಿರಲಿಲ್ಲ, ಹಾಡುವ ಹೊತ್ತಿನಲ್ಲಿ ಪಕ್ಕದವರ ಉಸಿರು ಕೇಳಿಸಬೇಕಿತ್ತು.

ಅದೇ ಉಸಿರು ಆಗ ಭಯದ ಸಂಗತಿಯೂ ಆಗಿತ್ತೆನ್ನಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಒಂದು ಗಾಯನ ಮೇಳ ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಸೇರಿದ್ದವರು 61 ಮಂದಿ. ಅವರಲ್ಲಿ 53 ಮಂದಿಗೆ ಸೋಂಕು ತಗುಲಿದ್ದು ಖಚಿತವಾಯಿತು ಅಥವಾ ತಗುಲಿರಬಹುದೆಂದು ವೈದ್ಯರು ಗುರುತಿಸಿದರು. ಇಬ್ಬರು ತೀರಿಕೊಂಡರು. ಕೂಡಿ ಹಾಡುವವರೆಲ್ಲ ಈ ಸುದ್ದಿಯನ್ನು ಮರೆಯಬಾರದು ಎನ್ನುವವನು ನಾನು. ಮತ್ತೆ ಸೇರಲು ಶುರು ಮಾಡಿದಾಗ ಜಾಗ ಆರಿಸುವ ನಮ್ಮ ಮೊದಲ ಷರತ್ತೇ ಬದಲಾಗಿತ್ತು. ಎದುರುಬದುರು ತೆರೆಯುವ ಕಿಟಕಿಗಳಿರಬೇಕು, ಅವು ಚಳಿಯಲ್ಲೂ ತೆರೆದಿರಬೇಕು. ನೆಗಡಿ ಇದ್ದವರು ಬರಬಾರದು, ಬಾರದಿದ್ದುದಕ್ಕೆ ಯಾರೂ ಕೊಂಕು ಆಡಬಾರದು. ಈಗಲೂ ಹಾಗೆಯೇ ನಡೆಯುತ್ತಿದೆ.

ಜಾಗದ ವಿಷಯಕ್ಕೆ ಬಂದೆ. ದೊಡ್ಡ ಸಭಾಂಗಣ ಪುಕ್ಕಟೆ ಸಿಕ್ಕರೂ ಒಲ್ಲೆ ಎನ್ನಿ. ಎತ್ತರದ ಚಾವಣಿ, ನೂರಾರು ಖಾಲಿ ಕುರ್ಚಿ ಇರುವಲ್ಲಿ ಹದಿನೈದು ಜನ ಅನಾಥರಂತೆ ಕಾಣುತ್ತಾರೆ, ದನಿಯೂ ಎತ್ತಲೋ ಹೋಗಿ ಕರಗುತ್ತದೆ. ಪೂರ್ತಿ ಪರದೆ, ದಪ್ಪ ಕಂಬಳಿ ಹಾಸಿದ ಕೋಣೆಯೂ ಬೇಡ. ಅಲ್ಲಿ ದನಿ ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಗುತ್ತದೆ, ಪ್ರತಿಯೊಬ್ಬರಿಗೂ ತಾನೊಬ್ಬನೇ ಹಾಡುತ್ತಿರುವಂತೆ ಅನಿಸಿ ಸಂಕೋಚ ಹೆಚ್ಚುತ್ತದೆ. ಬರಿಯ ಗೋಡೆ, ಬರಿಯ ನೆಲ, ಮಧ್ಯಮ ಗಾತ್ರ ಇದ್ದರೆ ದನಿ ಸ್ವಲ್ಪ ಮರಳಿ ಬಂದು ಬೆನ್ನು ತಟ್ಟುತ್ತದೆ. ಹೊಸಬರಿಗೆ ನನ್ನ ಹತ್ತು ಪ್ರೋತ್ಸಾಹದ ಮಾತಿಗಿಂತ ಆ ಗೋಡೆಯ ಕೃಪೆ ದೊಡ್ಡದು. ಮೈಕ್ ಬೇಡವೇ ಬೇಡ. ಮೈಕ್ ಬಂತೆಂದರೆ ಅದರ ಹಿಂದೆ ಒಬ್ಬರು ಹಾಡುಗಾರರಾಗುತ್ತಾರೆ, ಮಿಕ್ಕವರು ಕೇಳುಗರಾಗುತ್ತಾರೆ. ಸಾಲುಗಟ್ಟಿ ಕೂರಿಸಿದರೂ ಆಗುವುದು ಅದೇ. ದುಂಡಗೆ ಕೂತರೆ ಹಿಂದಿನ ಸಾಲು ಎನ್ನುವುದೇ ಇರುವುದಿಲ್ಲ, ಅಡಗಿಕೊಳ್ಳಲು ಆಗುವುದಿಲ್ಲ. ತೀರಾ ನಾಚಿಕೆಯವರಿಗೆ ಇದು ಮೊದಮೊದಲು ಕಷ್ಟ, ನಿಜ. ಅಂಥವರನ್ನು ನಾನು ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಎದುರಿಗೆ ಕೂತರೆ ನನ್ನ ಕಣ್ಣು ಅವರ ಮೇಲೆ ಬೀಳುತ್ತದೆ, ಪಕ್ಕದಲ್ಲಿದ್ದರೆ ಬೀಳುವುದಿಲ್ಲ.

ಈಗ "ನನಗೆ ಹಾಡಲು ಬರುವುದಿಲ್ಲ" ಎಂಬ ಮಾತು. ಇದನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಸ್ವಲ್ಪ ಕೆದಕಿದರೆ ಹೆಚ್ಚಿನವರ ಹಿಂದೆ ಒಂದು ಹಳೆಯ ಸಂದರ್ಭ ಇರುತ್ತದೆ. ಎಂಟು ಹತ್ತು ವರ್ಷದವರಿದ್ದಾಗ ಶಾಲೆಯ ಗುಂಪುಗಾಯನದಲ್ಲಿ "ನೀನು ಬಾಯಿ ಮಾತ್ರ ಆಡಿಸು" ಎಂದು ಯಾರೋ ಹೇಳಿರುತ್ತಾರೆ. ಅಷ್ಟಕ್ಕೇ ಜೀವಮಾನದ ತೀರ್ಪು ಮುಗಿಯಿತು. ಸ್ವರಗಳ ವ್ಯತ್ಯಾಸವನ್ನೇ ಗ್ರಹಿಸಲಾಗದ ಹುಟ್ಟು ತೊಡಕು ಇರುವುದು ನಿಜ, ಆದರೆ ಅಪರೂಪ. ನೂರಕ್ಕೆ ನಾಲ್ಕು ಜನರಿಗೆ ಅದು ಇರಬಹುದೆಂದು ಬಹುಕಾಲ ಹೇಳುತ್ತಿದ್ದರು. ಮಾಂಟ್ರಿಯಲ್‌ನ ಸಂಶೋಧಕಿ ಇಸಬೆಲ್ ಪೆರೆಟ್ಸ್ ಮತ್ತು ಸಹೋದ್ಯೋಗಿ 2017ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ಅದು ನೂರಕ್ಕೆ ಒಂದೂವರೆಗೆ ಇಳಿಯಿತು. ನನ್ನ ಕೂಟದಲ್ಲಿ "ಬರುವುದಿಲ್ಲ" ಎನ್ನುವವರು ನೂರಕ್ಕೆ ಎಪ್ಪತ್ತಾದರೂ ಇದ್ದಾರು. ಅಂದಮೇಲೆ ಉಳಿದವರಿಗೆ ಏನಾಗಿದೆ?

ಕಿವಿ ಸರಿಯಾಗಿಯೇ ಇದೆ, ಗಂಟಲಿಗೆ ರೂಢಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಹೊಂದದ ಶ್ರುತಿಯಲ್ಲಿ ಅವರನ್ನು ಹಾಡಿಸಿರುತ್ತಾರೆ. ಗಂಡಸರ ಮಾತಿನ ದನಿ ಸಾಮಾನ್ಯವಾಗಿ 120 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ, ಹೆಂಗಸರದು 200 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ. ಇಬ್ಬರೂ ಕೂಡಿ ಹಾಡುವಾಗ ಒಂದು ಸ್ಥಾಯಿಯ (ಒಂದು 'ಸ'ದಿಂದ ಮೇಲಿನ 'ಸ'ದವರೆಗಿನ) ಅಂತರದಲ್ಲಿ ಹಾಡುವುದು ಸಹಜ. ತೊಡಕು ಬರುವುದು ಮುಂದಾಳು ತನ್ನ ಗಂಟಲಿಗೆ ಒಪ್ಪುವ ಶ್ರುತಿ ಇಟ್ಟುಕೊಂಡಾಗ. ಕಲಿತವರು ತಾರಸ್ಥಾಯಿಗೆ ಸಲೀಸಾಗಿ ಏರುತ್ತಾರೆ, ಕಲಿಯದವರು ಅಲ್ಲಿ ಕಿರುಚುತ್ತಾರೆ ಇಲ್ಲವೇ ಬಾಯಿ ಮುಚ್ಚುತ್ತಾರೆ. ನಾನು ಆರಿಸುವ ಹಾಡುಗಳ ಹರವು ಒಂದು ಸ್ಥಾಯಿಯನ್ನು ಮೀರುವುದಿಲ್ಲ. ಶ್ರುತಿ ಇಡುವ ಮೊದಲು ಹಾಡಿನ ಅತಿ ಎತ್ತರದ ಸಾಲನ್ನು ಎಲ್ಲರಿಂದ ಒಮ್ಮೆ ಹಾಡಿಸುತ್ತೇನೆ. ಕತ್ತು ಚಾಚಿ ಹುಬ್ಬೇರಿಸಿದವರು ಕಂಡರೆ ಅರ್ಧ ಸ್ವರ ಇಳಿಸುತ್ತೇನೆ. ಇದೊಂದು ಮಾಡಿದರೆ ಅರ್ಧಕ್ಕರ್ಧ "ಬಾರದವರು" ಅಂದೇ ಹಾಡತೊಡಗುತ್ತಾರೆ.

ವಾದ್ಯದ ಸ್ವರಕ್ಕಿಂತ ಮನುಷ್ಯನ ದನಿಗೆ ದನಿ ಕೂಡಿಸುವುದು ಜನರಿಗೆ ಸುಲಭ. ಹಾಗಾಗಿ ಹಾರ್ಮೋನಿಯಂ, ಕೀಬೋರ್ಡ್ ನಮ್ಮಲ್ಲಿ ಮೂಲೆ ಸೇರಿವೆ. ಶ್ರುತಿಯೊಂದು ಸಣ್ಣಗೆ ಮೊಳಗುತ್ತಿರುತ್ತದೆ, ಸಾಕು. ಮೊದಲ ಹತ್ತು ನಿಮಿಷ ತುಟಿ ಮುಚ್ಚಿ ಬರೀ ಗುನುಗುವುದು. ಗುನುಗುವಾಗ ದನಿ ತನ್ನ ಎಲುಬಿನೊಳಗೇ ಕೇಳಿಸುತ್ತದೆ, ಪಕ್ಕದವರು ಏನೆಂದುಕೊಂಡಾರು ಎಂಬ ಅಂಜಿಕೆ ಇರುವುದಿಲ್ಲ. ಆಮೇಲೆ ನಾನು ಒಂದು ಸಾಲು ಹಾಡುವುದು, ಅವರು ಅದನ್ನು ಹಿಂದಿರುಗಿಸುವುದು. ಕಾಗದ ಕೊಡುವುದು ಕೊನೆಗೆ. ಮೊದಲೇ ಕೊಟ್ಟರೆ ಎಲ್ಲರೂ ತಲೆ ತಗ್ಗಿಸಿ ಓದುತ್ತಾ ಕೂರುತ್ತಾರೆ, ದನಿ ಮಡಿಲಿಗೆ ಬೀಳುತ್ತದೆ. ಕಾಗದದ ಅಕ್ಷರ ದೊಡ್ಡದಿರಲಿ, ಇಬ್ಬರಿಗೆ ಒಂದು ಹಾಳೆ ಇರಲಿ. ಹಾಳೆ ಉಳಿಸುವುದಕ್ಕಲ್ಲ, ಇಬ್ಬರು ಒಂದೇ ಹಾಳೆ ಹಿಡಿದರೆ ತಲೆಗಳು ಹತ್ತಿರ ಬರುತ್ತವೆ.

ಒಂದು ತಿಂಗಳಾದ ಮೇಲೆ ಸರದಿ ಹಾಡು ಶುರು ಮಾಡುತ್ತೇನೆ. ಒಂದೇ ಧಾಟಿ, ಮೂರು ಗುಂಪು. ಮೊದಲ ಗುಂಪು ಒಂದು ಸಾಲು ಮುಗಿಸಿದಾಗ ಎರಡನೆಯದು ಮೊದಲ ಸಾಲು ಎತ್ತಿಕೊಳ್ಳುತ್ತದೆ, ಆಮೇಲೆ ಮೂರನೆಯದು. ಹಾಡು ತನ್ನ ಬಾಲವನ್ನು ತಾನೇ ಹಿಡಿಯುತ್ತಾ ಸುತ್ತುತ್ತದೆ. ಇದಕ್ಕೆ ಹೊಂದುವ ಧಾಟಿಗಳು ಬೇರೆಯೇ. ಮೂರು ಸಾಲುಗಳು ಒಂದರ ಮೇಲೊಂದು ಬಿದ್ದಾಗ ಸ್ವರಗಳು ಕಚ್ಚಾಡಬಾರದು. ನನ್ನ ಲೆಕ್ಕಾಚಾರಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಕ್ಕಿಲ್ಲ. ನಾಲ್ಕು ಜನರ ಗುಂಪಿನಲ್ಲಿ ಇಬ್ಬರು ಅಂದು ಬಾರದಿದ್ದರೆ ಆ ಎಳೆ ತೆಳುವಾಗಿ ಕೇಳಿಸುತ್ತದೆ, ಎಲ್ಲರ ಕಿವಿಗೂ. ಮುಂದಿನ ವಾರ ಆ ಇಬ್ಬರು ಬಂದಾಗ "ನೀವಿಲ್ಲದೆ ಮೂರನೇ ಗುಂಪು ಮುಗ್ಗರಿಸಿತು" ಎಂದು ಯಾರಾದರೂ ಹೇಳುತ್ತಾರೆ. ಉಪಚಾರಕ್ಕೆ ಆಡಿದ ಮಾತಲ್ಲ ಅದು, ವರದಿ.

ಹಾಡುವುದರಿಂದ ಆತ್ಮೀಯತೆ ಬೆಳೆಯುತ್ತದೆ ಎಂಬ ಬಗ್ಗೆ ಈಗ ದೊಡ್ಡ ದೊಡ್ಡ ಮಾತು ಕೇಳಿಬರುತ್ತವೆ. ಸ್ವೀಡನ್ನಿನ ಯೋತೆಬೊರಿಯಲ್ಲಿ 2013ರಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತಿತರರು ತೋರಿಸಿದಂತೆ, ಒಟ್ಟಿಗೆ ಹಾಡುವವರ ಹೃದಯ ಬಡಿತದ ಏರಿಳಿತವೂ ಜೊತೆಜೊತೆಗೆ ಸಾಗುತ್ತದೆ. ಇದನ್ನು ಕೇಳಿ ಜನ ಪುಳಕಗೊಳ್ಳುತ್ತಾರೆ. ಕಾರಣ ಮಾತ್ರ ಸರಳ: ಸಾಲಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಾರೆ, ಉಸಿರಿನ ಜೊತೆ ಹೃದಯದ ವೇಗ ಏರಿಳಿಯುತ್ತದೆ. ಅದರಿಂದಲೇ ಸ್ನೇಹ ಹುಟ್ಟಿತು ಎಂದು ಹಾರಬೇಕಾಗಿಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆಕ್ಸ್‌ಫರ್ಡಿನ ಐಲ್ಯುನೆಡ್ ಪಿಯರ್ಸ್, ಜಾಕ್ ಲೌನೆ, ರಾಬಿನ್ ಡನ್ಬಾರ್ 2015ರಲ್ಲಿ ಪ್ರಕಟಿಸಿದ ಅಧ್ಯಯನ. ವಯಸ್ಕರಿಗಾಗಿ ಹೊಸದಾಗಿ ಶುರುವಾದ ಹಾಡಿನ ತರಗತಿಗಳನ್ನೂ ಕರಕುಶಲ ಮತ್ತು ಬರವಣಿಗೆಯ ತರಗತಿಗಳನ್ನೂ ಏಳು ತಿಂಗಳು ಹಿಂಬಾಲಿಸಿದರು. ಹಾಡುವವರು ಬೇಗನೆ ಹತ್ತಿರವಾದರು. ಆದರೆ ಏಳು ತಿಂಗಳ ಕೊನೆಗೆ ನೋಡಿದರೆ ಉಳಿದ ತರಗತಿಗಳವರೂ ಅಷ್ಟೇ ಹತ್ತಿರವಾಗಿದ್ದರು. ಅಂದರೆ ಹಾಡು ಬಾಗಿಲನ್ನು ಬೇಗ ತೆರೆಯುತ್ತದೆ. ಒಳಗೆ ಬಂದ ಮೇಲೆ ಎಲ್ಲರಿಗೂ ಬೇಕಾಗುವುದು ಕಾಲ. ನಿಮಗೆ ಹಾಡು ಒಗ್ಗದಿದ್ದರೆ ಹೆಣಿಗೆಯೋ ಗಟ್ಟಿಯಾಗಿ ಓದುವುದೋ ಯಾವುದಾದರೂ ಆದೀತು, ಸ್ವಲ್ಪ ನಿಧಾನಕ್ಕೆ ಫಲ ಕಾಣುತ್ತೀರಿ. ಕೈಗೋ ಬಾಯಿಗೋ ಒಂದು ಕೆಲಸ ಇರಲಿ. "ಬನ್ನಿ, ಎಲ್ಲ ಸೇರಿ ಆತ್ಮೀಯವಾಗಿ ಮಾತಾಡೋಣ" ಎಂದು ಕರೆದ ಕೂಟಗಳು ಬಾಳಿದ್ದನ್ನು ನಾನು ಕಂಡಿಲ್ಲ. ಆತ್ಮೀಯತೆಯನ್ನು ಎದುರಿಗೆ ನಿಂತು ಕರೆದರೆ ಅದು ಬರುವುದಿಲ್ಲ.

ಕಾಲ ಎಷ್ಟು ಬೇಕು? ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಲೆಕ್ಕ ಹಾಕಿದ ಪ್ರಕಾರ, ಪರಿಚಯ ಎನ್ನುವುದು ಸಾಧಾರಣ ಸ್ನೇಹವಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು, ಒಳ್ಳೆಯ ಸ್ನೇಹಕ್ಕೆ ಸುಮಾರು 90, ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೆ ಎರಡು ಗಂಟೆಯಂತೆ ಹಿಡಿದರೆ ಮೊದಲ ಮೆಟ್ಟಿಲಿಗೇ ಅರ್ಧ ವರ್ಷ. ಆದ್ದರಿಂದ "ಎರಡು ತಿಂಗಳು ಬಂದೆ, ಯಾರೂ ಹತ್ತಿರ ಆಗ್ಲಿಲ್ಲ" ಎಂದು ನಿಲ್ಲಿಸಹೊರಟವರಿಗೆ ನಾನು ಈ ಅಂಕಿ ಹೇಳುತ್ತೇನೆ. ತಿಂಗಳಿಗೊಮ್ಮೆ ಸೇರುವ ಕೂಟಕ್ಕೆ ಆ ಮೊದಲ ಮೆಟ್ಟಿಲಿನ ಗಂಟೆಗಳು ತುಂಬಲು ಎರಡು ವರ್ಷ ಬೇಕಾಗುತ್ತದೆ, ಅಷ್ಟು ಹೊತ್ತಿಗೆ ಅರ್ಧ ಜನ ಊರು ಬಿಟ್ಟಿರುತ್ತಾರೆ. ವಾರಕ್ಕೊಮ್ಮೆ ಎಂಬುದರಲ್ಲಿ ನಾನು ರಾಜಿಗೆ ಬರದಿರುವುದು ಅದಕ್ಕೇ. ವಾರದ ಅದೇ ದಿನ, ಅದೇ ಗಂಟೆ, ಅದೇ ಜಾಗ. ಈ ವಾರ ಇದೆಯೋ ಇಲ್ಲವೋ ಎಂದು ಯಾರೂ ಫೋನು ಮಾಡಿ ಕೇಳುವಂತಾಗಬಾರದು. ಮೂರೇ ಜನ ಬಂದರೂ ಮೂರು ಜನರ ಹಾಡು ನಡೆಯುತ್ತದೆ.

ಗಂಟೆಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮವೂ ಇದೆ. ಹಾಡುವ ಎರಡು ಗಂಟೆಯಲ್ಲಿ ಯಾರೂ ಯಾರ ಬಗ್ಗೆಯೂ ಏನೂ ತಿಳಿದುಕೊಳ್ಳುವುದಿಲ್ಲ. ತಿಳಿಯುವುದು ಅಂಚಿನಲ್ಲಿ, ಅಂದರೆ ಕುರ್ಚಿ ಹಾಕುವಾಗ, ನಡುವಿನ ಬಿಡುವಿನಲ್ಲಿ, ಕಿಟಕಿ ಮುಚ್ಚುವಾಗ. ಬಿಡುವನ್ನು ಐದು ನಿಮಿಷಕ್ಕೆ ಇಳಿಸಿ ಇನ್ನೆರಡು ಹಾಡು ಹಾಡೋಣ ಎನ್ನುವ ಉತ್ಸಾಹಿಗಳು ಪ್ರತಿ ಕೂಟದಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ. ಇಪ್ಪತ್ತು ನಿಮಿಷ ಬಿಡಿ. ಬಿಡುವಿನಲ್ಲಿ ಒಂದೇ ದೊಡ್ಡ ವೃತ್ತವಾಗಿ ಕೂರಬೇಡಿ, ಎದ್ದು ನಿಲ್ಲಿ. ಒಂದು ಮಾತುಕತೆಯಲ್ಲಿ ನಾಲ್ಕು ಜನ ಇರುವ ತನಕ ಅದು ಒಂದೇ ಆಗಿರುತ್ತದೆ, ಐದನೆಯವರು ಸೇರಿದೊಡನೆ ಒಡೆದು ಎರಡಾಗುತ್ತದೆ ಎಂದು ಡನ್ಬಾರ್ 1990ರ ದಶಕದಲ್ಲೇ ಜನರ ಗುಂಪುಗಳನ್ನು ಗಮನಿಸಿ ತೋರಿಸಿದ್ದರು. ಕೋಣೆಯ ಮೂಲೆಯಲ್ಲಿ ನಿಂತು ನೋಡಿ, ಹಾಗೆಯೇ ಆಗುತ್ತದೆ. ನಿಂತಿದ್ದರೆ ಒಡೆಯುವುದು ಸುಲಭ. ಕುರ್ಚಿಯಲ್ಲಿ ದುಂಡಗೆ ಕೂತಿದ್ದರೆ ಇಬ್ಬರು ಮಾತಾಡುತ್ತಾರೆ, ಹನ್ನೆರಡು ಜನ ಕೇಳುತ್ತಾರೆ.

ಕೆಲಸ ಹಂಚುವುದರ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹೊಸಬರು ಬಾಗಿಲಲ್ಲಿ ಕಂಡರೆ ನಾನು ಹೇಳುವ ಮೊದಲ ಮಾತು "ಬನ್ನಿ", ಎರಡನೆಯದು "ಆ ನಾಲ್ಕು ಕುರ್ಚಿ ಸ್ವಲ್ಪ ಈ ಕಡೆ ತರ್ತೀರಾ?" ಒಬ್ಬ ಹಿರಿಯರು ನನ್ನನ್ನು ಗದರಿದ್ದುಂಟು, ಬಂದ ಅತಿಥಿಗೆ ಹೀಗಾ ಕೆಲಸ ಹಚ್ಚೋದು ಎಂದು. ಅತಿಥಿಯಾಗಿ ಉಳಿದವರು ಅತಿಥಿಯಂತೆಯೇ ಹೊರಟುಹೋಗುತ್ತಾರೆ. ಕುರ್ಚಿ ಎತ್ತಿಟ್ಟವರು ಅದೇ ಗಳಿಗೆಯಲ್ಲಿ ಇನ್ನೊಬ್ಬ ಕುರ್ಚಿ ಎತ್ತುವವರ ಜೊತೆ ಎರಡು ಮಾತಾಡಿರುತ್ತಾರೆ. ಮೂರನೆಯ ವಾರಕ್ಕೆ ಅವರಿಗೊಂದು ಖಾಯಂ ಜವಾಬ್ದಾರಿ ಇರುತ್ತದೆ. ಬೀಗದ ಕೈ ಒಬ್ಬರ ಹತ್ತಿರ, ಹಾಳೆಗಳ ಕಡತ ಇನ್ನೊಬ್ಬರ ಹತ್ತಿರ, ಹೊತ್ತಾಯಿತು ಎಂದು ಗಂಟೆ ಬಾರಿಸುವವರು ಮತ್ತೊಬ್ಬರು. ಎರಡು ವಾರ ಬಾರದವರಿಗೆ ಫೋನು ಮಾಡುವುದು ಕೂಡ ಒಬ್ಬರ ಕೆಲಸ. ಅದು ನನ್ನದಲ್ಲ, ನಾನು ಮಾಡಿದರೆ ಹಾಜರಿ ಕೇಳಿದಂತೆ ಆಗುತ್ತದೆ.

ಪಾರ್ಕ್‌ರನ್ ಎಂಬ ಓಟದ ಕೂಟದ ಕಥೆ ಇಲ್ಲಿ ನೆನಪಾಗುತ್ತದೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿದ್ದರಿಂದ ಅದು ಶುರುವಾಯಿತು. ಪ್ರತಿ ಶನಿವಾರ ಬೆಳಗ್ಗೆ ಐದು ಕಿಲೋಮೀಟರ್, ಶುಲ್ಕವಿಲ್ಲ, ಗೆದ್ದವರಿಗೆ ಬಹುಮಾನವಿಲ್ಲ. ಇಂದು ಅದು ಹಲವಾರು ದೇಶಗಳಲ್ಲಿ ನಡೆಯುತ್ತಿದೆ. ನನಗೆ ಅದರಲ್ಲಿ ಇಷ್ಟವಾದದ್ದು ಓಟಕ್ಕಿಂತ, ಹೊತ್ತು ಅಳೆಯುವುದರಿಂದ ಹಿಡಿದು ಎಲ್ಲರಿಗಿಂತ ಕೊನೆಯಲ್ಲಿ ನಡೆದುಬರುವವರ ತನಕ ಎಲ್ಲ ಕೆಲಸವನ್ನೂ ಬಂದವರೇ ಸರದಿಯ ಮೇಲೆ ಮಾಡುವ ಪದ್ಧತಿ. ಯಾರೂ ತನ್ನ ಹಿಂದೆ ಒಬ್ಬರೂ ಇಲ್ಲ ಎಂಬ ಅವಮಾನ ಪಡಬಾರದೆಂದು ಕೊನೆಯಲ್ಲಿ ಬರುವುದನ್ನೇ ಒಂದು ಹುದ್ದೆ ಮಾಡಿದ್ದಾರೆ. ಈ ಬುದ್ಧಿಯನ್ನು ನಾನು ಕದ್ದು ತಂದೆ. ನಮ್ಮಲ್ಲೂ ಸ್ವಲ್ಪ ಧೈರ್ಯವಂತರೊಬ್ಬರು ಪ್ರತಿ ಹಾಡಿನಲ್ಲೂ ಬೇಕೆಂದೇ ಒಂದು ಕಡೆ ತಪ್ಪಾಗಿ ಬೇಗ ಪ್ರವೇಶಿಸುತ್ತಾರೆ. ಹೊಸಬರು ಮೊದಲ ಸಲ ತಪ್ಪುವಷ್ಟರಲ್ಲಿ ಕೋಣೆ ಆಗಲೇ ಒಮ್ಮೆ ನಕ್ಕಿರುತ್ತದೆ.

ಎಲ್ಲರಿಗಿಂತ ಸಂಭಾಳಿಸಲು ಕಷ್ಟವಾಗುವವರು ಯಾರು ಗೊತ್ತೆ? ಚೆನ್ನಾಗಿ ಹಾಡುವವರು. ಅಪಸ್ವರದವರಿಂದ ಕೂಟ ಕೆಟ್ಟದ್ದಿಲ್ಲ. ಪಳಗಿದ ಕಂಠ ಒಂದು ಬಂದು ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುತ್ತಾ ಸಂಗತಿ ಹಾಕತೊಡಗಿದರೆ ಸುತ್ತಲಿನ ನಾಲ್ಕು ದನಿ ತಾವಾಗಿ ತಗ್ಗುತ್ತವೆ, ಎರಡು ವಾರದಲ್ಲಿ ಆ ನಾಲ್ವರಲ್ಲಿ ಇಬ್ಬರು ಕಾಣೆ. ಅಂಥವರನ್ನು ಕಳಿಸಿಬಿಡುವುದು ನನಗೆ ಇಷ್ಟವಿಲ್ಲ, ಅವರೂ ಜೊತೆ ಹುಡುಕಿಕೊಂಡೇ ಬಂದವರು. ಅವರಿಗೆ ನಾನು ಕೊಡುವ ಕೆಲಸ ಅತಿ ಕಷ್ಟದ್ದು: ತೀರಾ ಮಂದ್ರದಲ್ಲಿ ಒಂದೇ ಸ್ವರ ಹಿಡಿದು ನಿಲ್ಲುವುದು, ಸರದಿ ಹಾಡಿನ ಅತಿ ದುರ್ಬಲ ಗುಂಪಿನಲ್ಲಿ ತಮ್ಮ ದನಿ ಬೇರೆಯಾಗಿ ಕೇಳದಂತೆ ಹಾಡುವುದು. ಕೆಲವರಿಗೆ ಅದರಲ್ಲೊಂದು ಹೊಸ ರುಚಿ ಹತ್ತುತ್ತದೆ. ಕೆಲವರು ಮುಖ ಗಂಟಿಕ್ಕಿಕೊಂಡು ಹೋಗುತ್ತಾರೆ. ಹೋಗಲಿ, ಅವರಿಗೆ ವೇದಿಕೆಗಳು ಬೇಕಾದಷ್ಟಿವೆ.

ಇನ್ನು ಗಾತ್ರ. ನನ್ನ ಒಲವು ಚಿಕ್ಕ ಕೂಟದ ಕಡೆಗೆ, ಅದನ್ನು ಈಗಾಗಲೇ ಊಹಿಸಿರುತ್ತೀರಿ. ಆದರೆ ನನ್ನ ಒಲವಿಗೆ ವಿರುದ್ಧ ಸಾಕ್ಷಿಯೂ ಇದೆ. ಲಂಡನ್ನಿನ ಒಂದು ಗಾಯನ ಸಂಘದವರು ಬಿಡಿಬಿಡಿಯಾಗಿ ಚಿಕ್ಕ ಮೇಳಗಳಲ್ಲಿ ಹಾಡುತ್ತಾರೆ, ಆಗಾಗ ಎಲ್ಲ ಮೇಳಗಳೂ ಕೂಡಿ ಇನ್ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಹಾಡುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರನ್ನೇ ಪರೀಕ್ಷಿಸಿ, ಮುಖಪರಿಚಯವಿಲ್ಲದ ಆ ದೊಡ್ಡ ಗುಂಪಿನಲ್ಲೂ ಹಾಡಿದ ಮೇಲೆ ಹತ್ತಿರದ ಭಾವ ಏರುತ್ತದೆ, ಚಿಕ್ಕದಕ್ಕಿಂತ ಹೆಚ್ಚೇ ಏರುತ್ತದೆ ಎಂದು ಕಂಡುಕೊಂಡಿತು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮೀಲ್ ಡರ್ಕ್‌ಹೈಮ್ ಜನಸಮೂಹದಲ್ಲಿ ಭಾವ ಹೀಗೆ ಉಕ್ಕುವುದನ್ನು 1912ರಲ್ಲೇ ಗುರುತಿಸಿ ಬರೆದಿದ್ದರು. ಅದು ಸುಳ್ಳೆಂದು ನಾನು ಹೇಳಲಾರೆ, ಸಾವಿರಾರು ಜನರ ನಡುವೆ ನಿಂತು ಹಾಡಿದಾಗ ನನಗೂ ಮೈ ಜುಮ್ಮೆಂದಿದೆ. ಆದರೆ ಆ ಸಾವಿರದಲ್ಲಿ ನಾನು ಬಾರದೇ ಇದ್ದಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ಜ್ವರ ಬಂದು ಮಲಗಿದಾಗ ಆ ಸಾವಿರದಲ್ಲಿ ಯಾರೂ ವಿಚಾರಿಸುವುದಿಲ್ಲ. ನಾನು ದೊಡ್ಡ ಕೂಟಕ್ಕೆ ವರ್ಷಕ್ಕೊಮ್ಮೆ ಹಬ್ಬದಂತೆ ಹೋಗಿಬರುತ್ತೇನೆ, ದಿನದ ಬಾಳಿಗೆ ಚಿಕ್ಕದೇ ಇರಲಿ.

ನಮ್ಮ ಕೂಟ ಹದಿನೆಂಟು ದಾಟಿದಾಗಲೆಲ್ಲ ಏನೋ ಸಡಿಲವಾಗುತ್ತದೆ. ಇಬ್ಬರು ಬಾರದಿದ್ದರೂ ದನಿಯಲ್ಲಿ ವ್ಯತ್ಯಾಸ ಕೇಳುವುದಿಲ್ಲ, ಬಿಡುವಿನಲ್ಲಿ ಹಳಬರು ಹಳಬರ ಜೊತೆಗೇ ಮಾತಾಡುತ್ತಾರೆ, ಕುರ್ಚಿ ಹಾಕಲು ಮುಂದಾಗುವವರು ಕಡಿಮೆಯಾಗುತ್ತಾರೆ. ಆಗ ಕೂಟವನ್ನು ಎರಡು ಮಾಡುತ್ತೇವೆ. ಸಲೀಸಾಗಿ ಯಾರೂ ಒಪ್ಪುವುದಿಲ್ಲ. "ಇಷ್ಟು ಚೆನ್ನಾಗಿ ನಡೀತಿರೋದನ್ನ ಯಾಕೆ ಒಡೀಬೇಕು" ಎಂದು ಮುನಿಸಿಕೊಳ್ಳುತ್ತಾರೆ. ಯಾರು ಯಾವ ದಿನಕ್ಕೆ ಎಂಬುದನ್ನು ನಾನು ನಿರ್ಧರಿಸುವುದಿಲ್ಲ, ಅವರವರೇ ಆರಿಸಿಕೊಳ್ಳಲಿ. ಒಂದೇ ನಿಯಮ: ಗಂಡಹೆಂಡತಿ, ಅಣ್ಣತಮ್ಮ, ಜೋಡಿ ಸ್ನೇಹಿತರು ಸಾಧ್ಯವಾದರೆ ಬೇರೆ ಬೇರೆ ಕೂಟಕ್ಕೆ ಹೋಗಲಿ. ಈ ನಿಯಮವನ್ನು ಯಾರೂ ಪಾಲಿಸುವುದಿಲ್ಲ.

ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಹಾಡಲಾಗದ ಒಬ್ಬರು ನಮ್ಮಲ್ಲಿದ್ದಾರೆ. ವೈದ್ಯರು ದನಿಗೆ ವಿಶ್ರಾಂತಿ ಹೇಳಿದಾಗ ಬರುವುದನ್ನು ನಿಲ್ಲಿಸುತ್ತಾರೆಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಕೂರತೊಡಗಿದರು, ಈಗ ಸರದಿ ಹಾಡಿನಲ್ಲಿ ಮೂರು ಗುಂಪಿಗೂ ಪ್ರವೇಶದ ಸನ್ನೆ ಕೊಡುವುದು ಅವರೇ. ನನಗಿಂತ ಖಚಿತವಾಗಿ ಕೊಡುತ್ತಾರೆ, ಏಕೆಂದರೆ ನಾನು ಹಾಡುತ್ತಾ ಮೈಮರೆಯುತ್ತೇನೆ, ಅವರು ಕೇಳುತ್ತಿರುತ್ತಾರೆ. ಅವರು ಊರಲ್ಲಿಲ್ಲದ ವಾರ ನಾವು ಸರದಿ ಹಾಡನ್ನು ಮುಟ್ಟುವುದಿಲ್ಲ.

ಮುಂದಾಳುತನವನ್ನೂ ಈಚೆಗೆ ಸರದಿಗೆ ಹಾಕಿದ್ದೇವೆ. ತಿಂಗಳಲ್ಲಿ ಒಂದು ವಾರ ಮಾತ್ರ ನಾನು, ಉಳಿದ ವಾರ ಬೇರೆಯವರು. ಇದನ್ನು ಬೇಗ ಮಾಡಿ ಎನ್ನುವುದು ಹೊಸದಾಗಿ ಶುರು ಮಾಡುವವರಿಗೆ ನನ್ನ ಒತ್ತಾಯ. ನಡೆಸುವವರೊಬ್ಬರೇ ಎಲ್ಲವನ್ನೂ ಹಿಡಿದುಕೊಂಡರೆ, ಬೇಕಾದವರು ಅವರೊಬ್ಬರೇ ಆಗುತ್ತಾರೆ. ಬೀಗದ ಕೈ ಇಟ್ಟುಕೊಂಡವರು ಮುನ್ನಡೆಸುವ ವಾರ ಶ್ರುತಿ ಬಲು ಕೆಳಗಿರುತ್ತದೆ, ಹೆಂಗಸರ ದನಿ ಕೇಳಿಸುವುದೇ ಇಲ್ಲ. ಎರಡು ಸಲ ಹೇಳಿದೆ. "ನಿಮ್ ವಾರ ಬಂದಾಗ ನೀವು ಏರಿಸ್ಕೊಳ್ಳಿ" ಎಂದರು.